ಕಾಶಿಯಿಂದ ಎರಡು ತಾಸು

ಜನವರಿ 7, ಬುಧವಾರ. ಬೆಳಿಗ್ಗೆ ಒಂಬತ್ತೂವರೆಗೆ ಜಹೀರಾಬಾದಿನ ಹೊರವಲಯದ ಠಾಣೆಯ ಮುಂದೆ ಎರಡು ಮೋಟಾರ್ ಸೈಕಲ್ ಬಂದು ನಿಂತವು. ಇಳಿದವರು ನಾಲ್ವರು, ಎಲ್ಲರ ಹಣೆಯಲ್ಲೂ ವಿಭೂತಿ. ಹಿರಿಯರಾದ ವೀರಪ್ಪ ಮೊಗುಡಂಪಲ್ಲಿ ಮಂಡಲದ ಮಲ್ಲಣ್ಣಗುಟ್ಟದವರು, ಕಬ್ಬು ಶುಂಠಿ ಬೆಳೆಯುವ ಮನೆತನ. ಹಿಂದಿನ ದಿನವಷ್ಟೇ ಹೆಂಡತಿ ಶಕುಂತಲಾಬಾಯಿಯನ್ನು ಮಣ್ಣು ಮಾಡಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಾತಾಡಿದವನು ಅವರ ತಮ್ಮನ ಮಗ ಸಂಜೀವಕುಮಾರ.

“ಸಾಬ್, ನಮ್ಮ ದೊಡ್ಡವ್ವನ ಸಮಾಧಿ ಯಾರೋ ತೆಗ್ದು ಮುಚ್ಯಾರ.”

ಇನ್ಸ್‌ಪೆಕ್ಟರ್ ಕ್ರಾಂತಿಕುಮಾರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಅವರ ಮಾತೃಭಾಷೆ ತೆಲುಗು. ತಾಯಿ ಬೀದರ್ ಕಡೆಯವರಾದ್ದರಿಂದ ಈ ಸೀಮೆಯ ಕನ್ನಡ ಅವರಿಗೆ ಮನೆಮಾತಿನಷ್ಟೇ ಸಲೀಸು.

“ತೆಗ್ದಾರಂತ ಹೆಂಗ ಗೊತ್ತಾತು?”

“ಮುಂಜಾನಿ ದೀಪ ಇಡಾಕ ಹೋಗಿದ್ವಿರಿ. ನಿನ್ನಿ ನಾವು ಕೆಂಪು ಮಣ್ಣು ಮ್ಯಾಲ ಹಾಕಿ ಬಡದು ಸಪಾಟು ಮಾಡಿದ್ವಿ. ಈಗ ತಳದ ಬಿಳಿ ಸುದ್ದೆ ಮಣ್ಣು ಮ್ಯಾಲ ಬಂದದ.”

“ಮೈಮ್ಯಾಲ ಬಂಗಾರ ಇತ್ತೇನು?”

“ಇಲ್ರಿ. ಎಲ್ಲಾ ಬಿಚ್ಚಿದ್ವಿ.”

“ಯಾರ ಮ್ಯಾಲ ಅನುಮಾನ?”

ಸಂಜೀವಕುಮಾರ ತಡವರಿಸಲಿಲ್ಲ. “ಮಾಳಮ್ಮನ ಮ್ಯಾಲ. ಸಮಾಧಿ ಬಾಜೂಕೇ ಆಕಿ ಗುಡಿಸಲ. ಬಾನಾಮತಿ ಮಾಡ್ತಾಳ್ರಿ ಆಕಿ. ಊರಿಗೂರೇ ಹೇಳ್ತದ.”

ಬಾನಾಮತಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹೆಡ್ ಕಾನ್‌ಸ್ಟೆಬಲ್ ಕಿಷ್ಟಪ್ಪ ತಲೆಯೆತ್ತಿ ಸಾಹೇಬರ ಮುಖ ನೋಡಿದ. ಕಂಗ್ಟಿಯವನು, ಇಪ್ಪತ್ತೆರಡು ವರ್ಷದ ನೌಕರಿ. ಮಾಟದ ಹೆಸರು ಹೇಳಿ ಮುದುಕಿಯೊಬ್ಬಳ ಹಲ್ಲು ಕಿತ್ತಿದ್ದನ್ನು, ಮನೆಗೆ ಬೆಂಕಿ ಇಟ್ಟಿದ್ದನ್ನು ಕಣ್ಣಾರೆ ಕಂಡವನು. ಸಮಾಧಿಯ ಮಾತು ಆಮೇಲೆ, ಮೊದಲು ಈ ಹೆಂಗಸು ಜೀವಂತ ಇರಬೇಕು ಎಂದು ಇಬ್ಬರಿಗೂ ಒಟ್ಟಿಗೇ ಅನ್ನಿಸಿತು.

ವೀರಪ್ಪನವರ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 301, ಸಮಾಧಿ ಸ್ಥಳಕ್ಕೆ ಅತಿಕ್ರಮ ಪ್ರವೇಶ. ಆರೋಪಿ ಅಪರಿಚಿತ. ‘ಮಾಳಮ್ಮ ಅಂತ ಹಾಕ್ರಿ’ ಎಂದು ಸಂಜೀವಕುಮಾರ ಎರಡು ಸಲ ಹೇಳಿದ. ಕ್ರಾಂತಿಕುಮಾರ್ ಎರಡು ಸಲವೂ ಕೇಳಿಸದವರಂತೆ ಇದ್ದರು.

ಜೀಪು ಮಲ್ಲಣ್ಣಗುಟ್ಟ ಮುಟ್ಟಿದಾಗ ಹನ್ನೊಂದೂ ಕಾಲು. ಊರಾಚೆ ಶುಂಠಿ ಹೊಲದ ಬದುವಿಗೆ ಹತ್ತಿ ಮನೆತನದ ಸಮಾಧಿಗಳು. ಇವರಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಂಡಿ ತೋಡಿ, ಅದರ ಗೋಡೆಯಲ್ಲಿ ಗೂಡು ಕೊರೆದು, ಕುಳಿತ ಭಂಗಿಯಲ್ಲಿ ಇರಿಸಿ, ಗೂಡಿಗೆ ಕಲ್ಲು ಮುಚ್ಚಿ ಮಣ್ಣು ಕೊಡುತ್ತಾರೆ. ಹೊಸ ಸಮಾಧಿಯ ಮೇಲೆ ಬಿಳಿ ಮಣ್ಣು ಕಲಸಿಕೊಂಡಿದ್ದು ದೂರದಿಂದಲೇ ಕಾಣುತ್ತಿತ್ತು. ಕ್ರಾಂತಿಕುಮಾರ್ ಸುತ್ತು ಹಾಕಿ ಕುಕ್ಕರಗಾಲಲ್ಲಿ ಕುಳಿತರು.

“ಈ ಬಿಲ್ವಪತ್ರಿ ನಿಮ್ಮದೇ ಏನು?”

“ಹೌದ್ರಿ. ನಿನ್ನಿ ಏರಿಸಿದ್ದು,” ಎಂದ ಸಂಜೀವಕುಮಾರ.

“ಎಲ್ಲಾ ಎಲಿ ಒಂದೇ ಕಡೀಗೆ ತೊಟ್ಟು ಮಾಡಿ ತಿರುಗಿ ಇಟ್ಟಾರ ನೋಡು ಕಿಷ್ಟಪ್ಪ. ಕಳ್ಳ ಹಿಂಗ ಮಾಡ್ತಾನೇನು?”

“ಕಳ್ಳ ಮಾಡಂಗಿಲ್ರಿ ಸಾಬ್. ನಮ್ಮನಿ ಸೊಸಿನೂ ಮಾಡಂಗಿಲ್ಲ.”

ಮಾಳಮ್ಮನ ಗುಡಿಸಲು ಕೂಗಳತೆಯಲ್ಲೇ ಇತ್ತು. ಮುಂದೆ ಏಳೆಂಟು ಜನ ಸೇರಿದ್ದರು. ಒಬ್ಬ ಆಕೆಯ ಮಡಿಕೆ, ಒರಳು, ಹಾಸಿಗೆಯನ್ನು ಹೊರಗೆ ತಂದು ಗುಡ್ಡೆ ಹಾಕುತ್ತಿದ್ದ. ಆಕೆ ಅರವತ್ತರ ವಿಧವೆ, ವೀರಪ್ಪನವರ ಹೊಲದಲ್ಲೇ ಕಳೆ ಕೀಳುತ್ತ ಬದುಕಿದವಳು. ಬಾಗಿಲಿಗೆ ಅಡ್ಡ ಕುಳಿತಿದ್ದಳು, ಅಳುತ್ತಿರಲಿಲ್ಲ. ಗೋಡೆಗೆ ಒರಗಿಸಿದ್ದ ಸಲಿಕೆಯ ಬಾಯಿಗೆ ಬಿಳಿ ಸುದ್ದೆ ಮಣ್ಣು ಒಣಗಿ ಅಂಟಿತ್ತು.

“ನೋಡ್ರಿ ಸಾಬ್, ನೋಡ್ರಿ!” ಎಂದ ಸಂಜೀವಕುಮಾರ.

ಕ್ರಾಂತಿಕುಮಾರ್ ಆಕೆಯ ಎದುರು ಕುಳಿತರು. “ಸಲಿಕಿ ಯಾರದಮ್ಮಾ?”

“ನಂದು.”

“ಮಣ್ಣು?”

“ಮಣ್ಣು ಊರಂದು.”

“ರಾತ್ರಿ ಯಾರು ಬಂದಿದ್ರು?”

“ನಂಗೇನ್ ಮಾಲೂಮಿಲ್ಲ.”

“ನಿಂದೇ ಕೆಲಸ ಅಂತಾರ ಊರವರು.”

“ಅನ್ಲಿ. ಹೋದ ವರ್ಷ ಮಳಿ ತಡಾ ಆದಾಗೂ ನನ್ನೇ ಅಂದ್ರು. ಮಳಿ ನನ್ನ ಮಾತು ಕೇಳೂದಿದ್ರ ನಾ ಇವರ ಹೊಲದಾಗ ಕಳೆ ಯಾಕ ತೆಗೀತಿದ್ದೆ?”

ಜನರಲ್ಲಿ ಒಬ್ಬ ಕೂಗಿದ, “ಶುಕ್ರವಾರ ಹೊತ್ತು ಮುಳುಗೂದ್ರಾಗ ಈಕಿ ಊರು ಬಿಡಬೇಕು. ಇಲ್ಲಂದ್ರ ಗುಡಿಸಲಕ್ಕ ಕಡ್ಡಿ ಗೀರ್ತೀವಿ. ಪೊಲೀಸ್ರು ಬರ್ಲಿ, ಯಾರರೆ ಬರ್ಲಿ.”

“ಗೀರು. ನಿನ್ನ ಹೆಸರೇನು? ಜರಾ ಜೋರಾಗಿ ಹೇಳು, ಬರಕೋತೀನಿ,” ಎಂದ ಕಿಷ್ಟಪ್ಪ. ಆ ಮನುಷ್ಯ ಎಲ್ಲರ ಬೆನ್ನ ಹಿಂದೆ ಸರಿದ. ಆದರೆ ಗಡುವು ಮಾತ್ರ ಅಲ್ಲೇ ನಿಂತಿತು. ಸಲಿಕೆ ಜಪ್ತಿಯಾಯಿತು. ನಾರಾಯಣಖೇಡದ ಮಹಿಳಾ ಕಾನ್‌ಸ್ಟೆಬಲ್ ಸರಿತಾಳನ್ನು ಇನ್ನೊಬ್ಬ ಪೇದೆಯ ಜೊತೆ ಗುಡಿಸಲಿನ ಕಾವಲಿಗೆ ಬಿಟ್ಟು ಸಾಹೇಬರು ತಹಸೀಲ್ದಾರರ ಕಚೇರಿಗೆ ಹೋದರು. ಸಮಾಧಿ ತೆಗೆಯುವುದಕ್ಕೆ ಅವರ ಅಪ್ಪಣೆ ಬೇಕು.

ಜನವರಿ 8, ಗುರುವಾರ, ಬೆಳಿಗ್ಗೆ ಹತ್ತು. ತಹಸೀಲ್ದಾರರು, ಇಬ್ಬರು ಪಂಚರು, ಮನೆಯ ಗಂಡಸರು. ಸ್ವಾಮಿಗಳೊಬ್ಬರು ಮಂತ್ರ ಹೇಳಿ ಮಣ್ಣಿಗೆ ನೀರು ಚಿಮುಕಿಸಿದ ಮೇಲೆ ಅಗೆತ ಶುರುವಾಯಿತು. ಮಣ್ಣು ಸಡಿಲವಾಗಿದ್ದರಿಂದ ಹೊತ್ತು ಹಿಡಿಯಲಿಲ್ಲ. ಗೂಡಿನ ಕಲ್ಲು ಸರಿಸಿದವನು ಒಳಗೆ ಬಗ್ಗಿ ನೋಡಿ, ಹಾಗೇ ಹಿಂದಕ್ಕೆ ಬಂದು ದೂರ ನಿಂತ.

ಕ್ರಾಂತಿಕುಮಾರ್ ಇಳಿದು ನೋಡಿದರು. ಶಕುಂತಲಾಬಾಯಿ ಕೂರಿಸಿದಂತೆಯೇ ಕುಳಿತಿದ್ದರು. ಏನೂ ಹೋಗಿರಲಿಲ್ಲ, ಬದಲಿಗೆ ಒಂದು ಹೆಚ್ಚಾಗಿತ್ತು. ಮೈಮೇಲೆ ಹಸಿರು ರೇಷ್ಮೆಯ ಹೊಸ ಸೀರೆಯನ್ನು ಹೊದಿಸಿ, ಸೆರಗನ್ನು ಮುಂದಕ್ಕೆ ತಂದು ಮಡಿಲಲ್ಲಿ ಹರಡಿದ್ದರು. ಸೆರಗಿನಲ್ಲಿ ಅಕ್ಕಿ, ಅರಿಸಿನ ಕೊಂಬು, ಐದು ಅಡಿಕೆ, ಕೊಬ್ಬರಿ ಗಿಟುಕು.

“ಬಾನಾಮತಿ! ಅಕ್ಕಿ, ಅರಿಸಿನ, ನೋಡ್ರಿ!” ಎಂದು ಸಂಜೀವಕುಮಾರ ಕೂಗಿದ. “ತೆಗೀರಿ ಅದನ್ನ, ಸುಡ್ರಿ ಮೊದಲ!”

“ಬಾಯಿ ಮುಚ್ಚೋ.” ವೀರಪ್ಪ ಎರಡು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಿದ್ದರು. “ಅದು ಉಡಿ. ತವರಿನವರು ತುಂಬೋ ಉಡಿ.”

ಹೆಂಗಸು ಮುತ್ತೈದೆಯಾಗಿ ಸತ್ತರೆ ಮಣ್ಣಿಗೆ ಹೋಗುವಾಗ ಮೈಮೇಲೆ ತವರಿನ ಸೀರೆ ಇರಬೇಕು, ಉಡಿ ತುಂಬುವುದು ತವರಿನ ಕೈಯೇ ಆಗಬೇಕು. ಅಲ್ಲಿದ್ದ ಎಲ್ಲರೂ ಬಲ್ಲ ಸಂಗತಿ. ತವರಿನವರು ಬರದಿದ್ದರೆ ಮನೆಯವರೇ ಅಂಗಡಿಯಿಂದ ಒಂದು ಸೀರೆ ತಂದು ಉಡಿಸಿ ಮುಗಿಸುತ್ತಾರೆ. ಮಂಗಳವಾರ ಆಗಿದ್ದೂ ಅದೇ.

“ತವರಿನಾಗ ಯಾರದಾರ?” ಕ್ರಾಂತಿಕುಮಾರ್ ಕೇಳಿದರು.

“ಒಬ್ಬನೇ ತಮ್ಮ. ಶಿವಶಂಕರಪ್ಪ. ತಾಂಡೂರಿನಾಗ ತೊಗರಿಬ್ಯಾಳಿ ವ್ಯಾಪಾರ.”

“ಬಂದಿದ್ರೇನು?”

“ಎಲ್ಲಿ ಬಂದಾನ್ರಿ? ಅಂವ ಕಾಶ್ಯಾಗ ಇದ್ದಾನ. ಬರಲೇ ಇಲ್ಲ.”

ಸೀರೆಯನ್ನು ಹೊರಗೆ ತೆಗೆಯುವುದೋ ಬೇಡವೋ ಎಂಬ ಪ್ರಶ್ನೆ ಬಂತು. ಕಾನೂನಿನ ಪ್ರಕಾರ ಅದು ಮುದ್ದೆಮಾಲು, ಜಪ್ತಿ ಮಾಡಬೇಕಾದ ಸಾಕ್ಷ್ಯ. ತಹಸೀಲ್ದಾರರು ವೀರಪ್ಪನವರ ಕಡೆ ನೋಡಿದರು, ವೀರಪ್ಪ ನೆಲ ನೋಡಿದರು. ಕ್ರಾಂತಿಕುಮಾರ್ ನಾಲ್ಕು ಕಡೆಯಿಂದ ಫೋಟೋ ತೆಗೆಸಿ, ಬಣ್ಣ, ಅಂಚು, ಉಡಿಯ ಸಾಮಾನು ಎಲ್ಲವನ್ನೂ ಪಂಚನಾಮೆಯಲ್ಲಿ ಬರೆಸಿದರು. ಗೂಡಿನ ಕಲ್ಲನ್ನು ತಿರುಗಿ ಮುಚ್ಚಿಸಿದರು. ಮಣ್ಣು ಬೀಳುವ ಸದ್ದು ಕೇಳಿದಾಗ ಗುಡಿಸಲಿನ ಮುಂದೆ ಕುಳಿತಿದ್ದ ಮಾಳಮ್ಮ ಕೈ ಜೋಡಿಸಿದ್ದನ್ನು ಸರಿತಾ ನೋಡಿದಳು.

“ಸೀರಿ ಬನಾರಸ್ದು ಸರ್,” ಎಂದಳು ಸರಿತಾ ಫೋಟೋ ನೋಡಿ. “ನನ್ನ ಮದುವಿಗೆ ಇಂಥಾದೇ ಬೇಕಂತ ಹಟ ಹಿಡಿದಿದ್ದೆ. ಕೊಡಿಸಲಿಲ್ಲ.”

ಬನಾರಸ್ ಎಂದರೆ ಕಾಶಿಯೇ. ಆದರೆ ಬನಾರಸ್ ಸೀರೆ ಜಹೀರಾಬಾದಿನಲ್ಲೂ ಸಿಗುತ್ತದೆ. ಮನೆಯ ಕಟ್ಟೆಯ ಮೇಲೆ ಚಹಾ ಬಂತು. ಕ್ರಾಂತಿಕುಮಾರ್ ವೀರಪ್ಪನವರನ್ನು ಕೇಳಿದರು.

“ಮಂಗಳವಾರ ಏನಾತು, ಮೊದಲಿಂದ ಹೇಳ್ರಿ.”

“ಮುಂಜಾನಿ ಐದಕ್ಕ ಜೀವ ಹೋತು. ಆರಕ್ಕ ಶಿವಶಂಕರಗ ಫೋನ್ ಹಚ್ಚಿದ್ವಿ. ‘ಮಾಮಾ, ನಾ ವಿಮಾನದಾಗ ಬರ್ತೀನಿ, ನಾ ಬರೂತನಕ ಅಕ್ಕನ್ನ ಎತ್ತಬ್ಯಾಡ್ರಿ’ ಅಂದ.”

“ಮತ್ತ?”

ಉತ್ತರ ಸಂಜೀವಕುಮಾರನಿಂದ ಬಂತು. “ನಾ ಮೊಬೈಲಿನಾಗ ನೋಡಿದೆ ಸಾಬ್. ಕಾಶಿಯಿಂದ ಹೈದರಾಬಾದ್ ಸಾವಿರ ಕಿಲೋಮೀಟರ್, ವಿಮಾನ ಎರಡು ತಾಸು. ಸ್ವಚ್ಛ ಬರದದ. ಹತ್ತಕ್ಕ ಹತ್ತಿದ್ರೂ ಹನ್ನೆರಡಕ್ಕ ಇಳೀತಾನ, ಮೂರಕ್ಕ ಮನ್ಯಾಗ ಇರಬೇಕು. ಹನ್ನೆರಡಕ್ಕ ಫೋನ್ ಮಾಡ್ತಾನ, ‘ಮಂಜು ಬಿದ್ದದ, ವಿಮಾನ ಹೊಂಟಿಲ್ಲ’ ಅಂತ. ಇಲ್ಲಿ ನೆತ್ತಿ ಸುಡೋ ಬಿಸಲ! ಮಟಮಟ ಮಧ್ಯಾಹ್ನದಾಗ ಎಂಥಾ ಮಂಜ್ರಿ? ಆಮ್ಯಾಲ ನಾಲ್ಕಕ್ಕ ಹಚ್ಚಿದ್ರ ಫೋನ್ ಬಂದ್.”

“ನೆಪ ಅಂತ ತಿಳದ್ರಿ.”

“ತಿಳೀಲಾರದೇನ್ರಿ?” ಎಂದರು ವೀರಪ್ಪ. “ಮೂರು ವರ್ಷದಿಂದ ಈ ಹೊಸ್ತಿಲ ತುಳಿದಿದ್ದಿಲ್ಲ ಅಂವ. ಈ ಸಂಜೀವಕುಮಾರನ ಮದುವ್ಯಾಗ ಬೀಗರಿಗೆಲ್ಲ ಶಾಲು ಹೊಚ್ಚಿದ್ವಿ. ಗದ್ದಲದಾಗ ಅವನೊಬ್ಬಂದು ಮರತು ಹೋತು. ತಾಟಿನ ಮುಂದಿಂದ ಎದ್ದು ಹೋದಂವ ಹೋದ. ಅಕ್ಕ ಕರದ್ರೂ ಬರಲಿಲ್ಲ. ಎರಡು ತಾಸಿನ ಹಾದಿ ಇದ್ದು ಬರಲಿಲ್ಲಂದ್ರ ಮನಸ್ಸಿಲ್ಲ ಅಂತ ಹಿರೇರು ಅಂದ್ರು. ಹೊತ್ತು ಮುಳುಗಿದ ಮ್ಯಾಲ ನಮ್ಮಲ್ಲಿ ಎತ್ತಂಗಿಲ್ಲ. ಐದಕ್ಕ ಎತ್ತಿದ್ವಿ.”

“ತಿಳಿಸಿದ್ರೇನು ಅವರಿಗೆ?”

“ಫೋಟೋ ಕಳಿಸಿದೆ,” ಎಂದ ಸಂಜೀವಕುಮಾರ, ಈ ಸಲ ಸ್ವಲ್ಪ ಮೆಲ್ಲಗೆ. “ಎಲ್ಲಾ ಮುಗೀತು, ಇನ್ನ ನೀವು ಬರೋ ಜರೂರಿಲ್ಲ ಅಂತ ಬರದೆ.”

ಮಧ್ಯಾಹ್ನ ಕಿಷ್ಟಪ್ಪ ತಾಂಡೂರಿಗೆ ಹೋದ. ಸಂಜೆ ಬಂದು ವರದಿ ಒಪ್ಪಿಸಿದ. ಶಿವಶಂಕರಪ್ಪನವರ ಮನೆಗೆ ಬೀಗ. ಗಂಡ ಹೆಂಡತಿ ಮೂವತ್ತು ಜನರನ್ನು ಕಟ್ಟಿಕೊಂಡು ಕಾಶಿಯಾತ್ರೆಗೆ ಹೋದವರು ಇನ್ನೂ ಬಂದಿಲ್ಲ. ಬುಧವಾರ ಮಧ್ಯಾಹ್ನ ಕಾಶಿಯ ಮಠದಲ್ಲಿ ಎಲ್ಲರಿಗೂ ಊಟ ಬಡಿಸುತ್ತಿದ್ದರಂತೆ; ಗುಂಪಿನಲ್ಲಿದ್ದ ಹೆಂಗಸೊಬ್ಬಳು ಮಗಳಿಗೆ ಫೋನಿನಲ್ಲಿ ತೋರಿಸಿದ್ದಾಳೆ.

“ಅಂದ್ರ ಅಂವ ಅಲ್ಲ ಸಾಬ್,” ಎಂದ ಕಿಷ್ಟಪ್ಪ. “ಕಾಶ್ಯಾಗ ಊಟಕ್ಕ ಬಡಸೋ ಮನುಷ್ಯಾ ಇಲ್ಲಿ ಮಣ್ಣು ಹೆಂಗ ತೆಗೀತಾನ? ಕಾಶಿ ಅಂದ್ರ ಏನು ಸಣ್ಣ ಮಾತಾ? ನಮ್ಮಜ್ಜ ಹೋಗುವಾಗ ಮನಿ ಮಂದೀಗೆಲ್ಲ ಶರಣು ಮಾಡಿ, ಹೊಲ ಹಂಚಿ ಹೋಗಿದ್ದ.”

“ಎರಡು ತಾಸು ಅದ ಕಿಷ್ಟಪ್ಪ. ಸ್ವಚ್ಛ ಬರದದ.”

“ಎರಡು ತಾಸಂದ್ರ ಇಲ್ಲಿಂದ ಬೈಕ್ ಮ್ಯಾಲ ನಾರಾಯಣಖೇಡಕ್ಕ ಹೋಗಿ ಚಹಾ ಕುಡದು ಬಂದಂಗ. ಅಷ್ಟೇ ಇದ್ರ ಮಂಗಳವಾರ ಜಲ್ದಿ ಯಾಕ ಬರಲಿಲ್ಲ?”

ಕ್ರಾಂತಿಕುಮಾರ್ ನಕ್ಕರು. ಹಿಂದೊಮ್ಮೆ ಆರೋಪಿಯೊಬ್ಬನನ್ನು ಕರೆತರಲು ದಿಲ್ಲಿಗೆ ಹೋಗಿದ್ದರು. ಜನವರಿಯೇ. ನೆಲ ಕಾಣದಂಥ ಮಂಜಿನಲ್ಲಿ, ಕೈಗೆ ಬೇಡಿ ಹಾಕಿಸಿಕೊಂಡ ಆರೋಪಿಯ ಪಕ್ಕದಲ್ಲಿ, ಬೆಳಗಿನಿಂದ ಸಂಜೆಯತನಕ ವಿಮಾನ ನಿಲ್ದಾಣದಲ್ಲಿ ಕುಳಿತಿದ್ದರು. ಕೊನೆಗೆ ಆ ಆರೋಪಿಯೇ ಇವರಿಗೆ ಬಿಸ್ಕತ್ತು ಕೊಟ್ಟಿದ್ದ. ಮೊಬೈಲು ಹೇಳುವ ಎರಡು ತಾಸು ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವತನಕದ ಲೆಕ್ಕ. ಮಠದಿಂದ ನಿಲ್ದಾಣಕ್ಕೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಮಂಜು ಹರಿಯುವುದು, ಹೈದರಾಬಾದಿನ ನಿಲ್ದಾಣವಿರುವ ಶಂಷಾಬಾದಿನಲ್ಲಿ ಇಳಿದ ಮೇಲೆ ಮುಂಬೈ ಹೆದ್ದಾರಿ ಹಿಡಿದು ಜಹೀರಾಬಾದು ದಾಟಿ ಈ ಹೊಲದ ಬದುವಿಗೆ ಬರುವುದು, ಇದ್ಯಾವುದನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ನಾಡಿನ ಜನಕ್ಕೆ ಮಂಜೆಂದರೆ ಬೆಳಗಿನ ಜಾವ ಜೋಳದ ತೆನೆಯ ಮೇಲೆ ಕೂತು, ಬಿಸಿಲು ಬಿದ್ದ ಕೂಡಲೇ ಹಾರಿಹೋಗುವಂಥದ್ದು. ಅದು ವಿಮಾನ ಕಟ್ಟಿಹಾಕುತ್ತದೆ ಎಂದರೆ ಯಾರು ನಂಬುತ್ತಾರೆ?

“ಮಧ್ಯಾಹ್ನ ಬರೋಕಾಗದ ಮನುಷ್ಯಾ ರಾತ್ರಿ ಬಂದಿರಬಹುದು,” ಎಂದರು. “ಮುಂಜಾನಿ ವಿಮಾನ ಹಿಡದು ತಿರುಗಿ ಹೋಗಿರಬಹುದು. ಮೂವತ್ತು ಮಂದಿ ಜವಾಬ್ದಾರಿ ಅದ ಅವರ ಮ್ಯಾಲ.”

“ಸಬೂತು?”

“ಇಲ್ಲ. ಕೇಳಿ ನೋಡ್ತೀನಿ.”

ಜನವರಿ 9, ಶುಕ್ರವಾರ, ಬೆಳಿಗ್ಗೆ ಏಳೂ ಮುಕ್ಕಾಲು. ಮಾಳಮ್ಮನ ಗಡುವಿನ ದಿನ. ಠಾಣೆಯಿಂದ ಹೋದ ಕರೆಯನ್ನು ಶಿವಶಂಕರಪ್ಪ ಎರಡನೇ ರಿಂಗಿಗೇ ಎತ್ತಿಕೊಂಡರು.

“ಮಂಗಳವಾರ ರಾತ್ರಿ ಎಲ್ಲಿದ್ರಿ?”

“ಕಾಶ್ಯಾಗ್ರಿ.”

“ಅಕ್ಕನ ಮಣ್ಣಿಗೆ ಬರಲಿಲ್ಲ?”

“ಅವರು ಕಾಯಲಿಲ್ಲರಿ.”

“ಸಮಾಧಿ ಯಾರೋ ತೆಗ್ದಾರ. ಗೊತ್ತದೇನು?”

“ಇಲ್ಲ.”

ಉತ್ತರ ಬೇಗ ಬಂತು. ಸುದ್ದಿ ಕೇಳಿ ಗಾಬರಿಯಾದ ದನಿಯಲ್ಲ ಅದು. ಕ್ರಾಂತಿಕುಮಾರ್ ಬೇರೆ ಕಡೆಯಿಂದ ಹೋದರು.

“ಸರಿ. ನಿಮಗ ತಿಳಿಸಬೇಕಂತ ಮಾಡಿದೆ. ಊರವರು ಮಾಳಮ್ಮನ ಮ್ಯಾಲ ಹೊರಿಸ್ಯಾರ. ಬಾನಾಮತಿ ಅಂತ. ಭಾಂಡಿ ಹೊರಗ ಒಗದಾರ. ಇವತ್ತ ಹೊತ್ತು ಮುಳುಗಿದ್ರ ಗುಡಿಸಲ ಸುಡ್ತಾರಂತ.”

ಆ ಕಡೆ ಗಂಟೆಯ ಸದ್ದು, ಯಾರೋ ಹಿಂದಿಯಲ್ಲಿ ಕೂಗುವುದು.

“ಆಕಿ ಏನೂ ಹೇಳಿಲ್ಲೇನ್ರಿ?” ಎಂದರು ಶಿವಶಂಕರಪ್ಪ.

“ಏನು ಹೇಳಬೇಕಿತ್ತು?”

ಗಂಟೆಯ ಸದ್ದು ದೂರವಾಯಿತು; ಅವರು ಆಚೆ ನಡೆದಿದ್ದರು.

“ಸಾಹೇಬ್ರ, ನಾ ಬರ್ತೀನಿ. ಈಗೇ ಹೊಂಟೆ. ಮುದುಕಿ ಮನೀಗೆ ಕೈ ಹಚ್ಚಬ್ಯಾಡ್ರಿ ಅಂತ ಹೇಳ್ರಿ. ತೆಗದಾಂವ ನಾನು.”

ಮಲ್ಲಣ್ಣಗುಟ್ಟದಲ್ಲಿ ಒಂದು ಗಂಟೆಯಿಂದಲೇ ಜನ ಸೇರತೊಡಗಿದ್ದರು. ಶಿವಶಂಕರಪ್ಪ ತಪ್ಪೊಪ್ಪಿಕೊಂಡಿದ್ದಾರೆ, ವಿಮಾನದಲ್ಲಿ ಬರುತ್ತಿದ್ದಾರೆ ಎಂದು ಕ್ರಾಂತಿಕುಮಾರ್ ಹೇಳಿದ್ದನ್ನು ಅರ್ಧ ಜನ ನಂಬಲಿಲ್ಲ, ಉಳಿದರ್ಧ ನಕ್ಕರು. ಎರಡಾಯಿತು.

“ಎಂಟಕ್ಕ ಹೊಂಟೆ ಅಂದಾನ. ಎರಡು ತಾಸಿನ ಹಾದಿ,” ಎಂದ ಸಂಜೀವಕುಮಾರ. “ಎಲ್ಲಿದ್ದಾನ ತೋರಸ್ರಿ. ಮುದುಕಿನ್ನ ಉಳಸಾಕ ಪೊಲೀಸರ ಆಟ ಇದು.”

“ಮಂಗಳವಾರನೂ ಹಿಂಗೇ ಅಂದಿದ್ದ!” ಇನ್ನೊಬ್ಬನ ದನಿ.

ಗುಡಿಸಲಿನ ಮುಂದೆ ಪೊಲೀಸರು ಐದೇ ಜನ. ಮಾಳಮ್ಮ ಹೊರಗೆ ಬಿದ್ದಿದ್ದ ಒರಳಿನ ಮೇಲೆಯೇ ಕುಳಿತಿದ್ದಳು. ಸರಿತಾ ಕೊಟ್ಟ ರೊಟ್ಟಿ ತೊಡೆಯ ಮೇಲೆ ಮುರಿಯದೆ ಇತ್ತು.

ಸಾಹೇಬರ ಫೋನು ಆಗ ಬಡಿಯಿತು. ಅವರು ಹೆಸರು ನೋಡಿ, ವೀರಪ್ಪನವರ ಪಕ್ಕಕ್ಕೆ ಹೋಗಿ, ದನಿ ಎಲ್ಲರಿಗೂ ಕೇಳುವಂತೆ ಮಾಡಿ ಹಿಡಿದರು.

“ಸಾಹೇಬ್ರ, ವಿಮಾನದಾಗ ಕುಂತು ಎರಡು ತಾಸಾತು, ಇನ್ನೂ ನೆಲದ ಮ್ಯಾಲೇ ಅದೀನಿ. ಇಂದೂ ಮಂಜು ಅದ. ಈಗ ಜರಾ ಹರದದಂತ. ಫೋನ್ ಬಂದ್ ಮಾಡಂತಾರ. ನಾ ಓಡಿ ಹೋದೆ ಅಂತ ತಿಳೀಬ್ಯಾಡ್ರಿ. ಮಾಳವ್ವಗ...” ಹಿಂದೆ ಹೆಣ್ಣು ದನಿಯೊಂದು ಹಿಂದಿಯಲ್ಲಿ, ಕೋಹ್ರಾ, ಮಂಜಿನ ಕಾರಣಕ್ಕೆ ತಡವಾಗಿದೆ, ಕ್ಷಮಿಸಿ ಎಂದು ಹೇಳುತ್ತಿತ್ತು. ಲೈನು ಕಡಿಯಿತು.

ಈ ಕಡೆಯ ಜನಕ್ಕೆ ಹಿಂದಿ ಚೆನ್ನಾಗಿ ಬರುತ್ತದೆ. ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಮೇಲೆ ಬಿಸಿಲು ಧಗಧಗ ಉರಿಯುತ್ತಿತ್ತು. ವೀರಪ್ಪ ತಲೆಯೆತ್ತಿ ಆ ಬಿಸಿಲನ್ನೇ ನೋಡಿದರು. ಆಮೇಲೆ ಸಂಜೀವಕುಮಾರನನ್ನು ನೋಡಿದರು.

“ಖರೇನೇ ಮಂಜು ಇತ್ತೇನೋ.”

ಸಂಜೀವಕುಮಾರ ಕೈಯಲ್ಲಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

“ಅಂವ ಅಲ್ಲಿ ವಿಮಾನದ ಬಾಗಿಲಾಗ ಕುಂತಾಗ ನಾವಿಲ್ಲಿ ಅವನ್ನ ಬೈಕೋತ ಆಕಿನ್ನ ಎತ್ತಿದ್ವಿ.” ವೀರಪ್ಪ ಗುಡಿಸಲಿನ ಕಡೆ ನಡೆದರು. ಬಗ್ಗಿ ಒಂದು ಮಡಿಕೆ ಎತ್ತಿದರು. ಮೊಣಕಾಲು ನೋವಿನ ಮನುಷ್ಯ, ಎದ್ದು ನಿಲ್ಲುವುದಕ್ಕೇ ತಡವಾಯಿತು. “ಇವತ್ತ ಕಾಯೂಣು. ಮಾಳಮ್ಮಾ, ಏಳು, ಒಳಗ ಹೋಗು.”

“ಹೊರಗ ಒಗದಾವ್ರೇ ಒಳಗ ಇಡ್ಲಿ,” ಎಂದಳು ಮಾಳಮ್ಮ, ಕೂತಲ್ಲಿಂದ ಕದಲದೆ.

ಬುಧವಾರ ಎಲ್ಲರ ಬೆನ್ನ ಹಿಂದೆ ಸರಿದಿದ್ದ ಆ ಮನುಷ್ಯ ಬಂದು ಹಾಸಿಗೆಯ ಸುರುಳಿ ಎತ್ತಿಕೊಂಡ. ಸಂಜೀವಕುಮಾರ ಒರಳಿಗೆ ಕೈ ಹಾಕಿದ. ಆಕೆ ಅದರ ಮೇಲಿಂದ ಏಳಬೇಕಾಯಿತು.

ಹೊತ್ತು ಮುಳುಗಿತು. ಯಾರೂ ಕಡ್ಡಿ ಗೀರಲಿಲ್ಲ, ಮನೆಗೂ ಹೋಗಲಿಲ್ಲ. ಏಳೂವರೆಗೆ ಬಾಡಿಗೆ ಕಾರೊಂದು ಹೊಲದ ದಾರಿಯಲ್ಲಿ ಕುಲುಕುತ್ತ ಬಂತು. ಇಳಿದವರು ಐವತ್ತೆಂಟರ, ಎತ್ತರದ, ಮುಖ ಬಾಡಿದ ಮನುಷ್ಯ. ಅಂಗೈಗಳಲ್ಲಿ ಒಡೆದ ಗುಳ್ಳೆಗಳಿದ್ದವು. ಶಿವಶಂಕರಪ್ಪ ಯಾರ ಕಡೆಯೂ ನೋಡದೆ ನೇರ ಇನ್ಸ್‌ಪೆಕ್ಟರರ ಮುಂದೆ ನಿಂತರು.

“ಆಕಿ ಬರೇ ಸಲಿಕಿ ಕೊಟ್ಟಾಳ್ರಿ. ಮತ್ತೇನೂ ಮಾಡಿಲ್ಲ. ನನ್ನ ಹಿಡೀರಿ.”

ಮಾಳಮ್ಮ ಸರಿತಾಳನ್ನು ಸರಿಸಿ ಮುಂದೆ ಬಂದಳು. ಆಕೆಯ ತವರೂ ತಾಂಡೂರಿನ ಸೀಮೆಯೇ ಎಂದು ಆಗಲೇ ಎಲ್ಲರಿಗೂ ನೆನಪಾಗಿದ್ದು.

“ಯಾಕ ಬಂದ್ರಿ ಅಣ್ಣಾರ? ನಾ ತಡಕೊಂತಿದ್ದೆ. ಹೇಳಿದ್ರ ಆ ಸೀರಿ ತೆಗಸ್ತಾರಂತ ಸುಮ್ಮಿದ್ದೆ. ನಾಕು ಮಂದಿ ಬೈದ್ರ ನನ್ನ ಮೈ ಏನು ಸವೀತದ?”

“ಗುಡಿಸಲ ಸುಡ್ತಿದ್ರು ಮಾಳವ್ವ.”

“ಕಟ್ಟಿಕೊಂತಿದ್ದೆ. ಗುಡಿಸಲ ತಿರುಗಿ ಕಟ್ಟಬಹುದು.”

ವೀರಪ್ಪ ನಾಲ್ಕು ಹೆಜ್ಜೆ ದೂರದಲ್ಲೇ ನಿಂತರು. “ಶಿವಶಂಕರಾ, ಮನೀಗೆ ಬಂದು ಬಾಗಿಲ ಬಡೀಬೇಕಿತ್ತಲ್ಲಪಾ.”

“ಬಡೀಬೇಕಂತನೇ ಬಂದಿದ್ದೆ ಮಾಮಾ. ಅಂಗಳದಾಗ ನಿಂತೆ. ಒಳಗ ಹಿರೇರ ದನಿ ಕೇಳಸ್ತಿತ್ತು. ನಾ ಕಾಲಿಟ್ಟಿದ್ರ ಮಾತು ಅಕ್ಕಂದು ಆಗ್ತಿರಲಿಲ್ಲ, ಆ ಶಾಲಿಂದು ಆಗ್ತಿತ್ತು. ತಿರುಗಿ ಹೊಲಕ್ಕ ಬಂದೆ.”

ವೀರಪ್ಪ ಕಾರಿನ ಚಾಲಕನಿಗೆ ನೀರು ಕೊಡಿರೆಂದು ಸಂಜೀವಕುಮಾರನಿಗೆ ಸನ್ನೆ ಮಾಡಿದರು.

ಏಳು ಐವತ್ತಕ್ಕೆ ಬಂಧನ ತೋರಿಸಲಾಯಿತು. ಕಲಂ ಜಾಮೀನು ಸಿಗುವಂಥದ್ದು, ಅಂದೇ ಬಿಡುಗಡೆಯಾಗುವುದು ಎಲ್ಲರಿಗೂ ಗೊತ್ತಿತ್ತು. ಮಾಳಮ್ಮನ ಹೆಸರನ್ನು ಸಾಹೇಬರು ಸಾಕ್ಷಿಗಳ ಸಾಲಿನಲ್ಲಿ ಬರೆಸಿದರು. ಠಾಣೆಯಲ್ಲಿ ಕಿಷ್ಟಪ್ಪ ಹೇಳಿಕೆ ಬರೆದುಕೊಂಡ. ಮಂಗಳವಾರ ನಾಲ್ಕರ ಮೊದಲೇ ವಿಮಾನದೊಳಗೆ ಕೂರಿಸಿ ಫೋನು ಬಂದ್ ಮಾಡಿಸಿದ್ದರು; ನೆಲ ಬಿಟ್ಟಿದ್ದು ಸಂಜೆ ಐದರ ನಂತರ. ಇಳಿದು ಫೋನು ಹಚ್ಚಿದ ಕೂಡಲೇ ಸಂಜೀವಕುಮಾರ ಕಳಿಸಿದ ಫೋಟೋ. ಮಾಳಮ್ಮನ ಸಲಿಕೆ, ಆಕೆಯ ಮನೆಯದೇ ಅಕ್ಕಿ, ಅರಿಸಿನ, ಅಡಿಕೆ, ಕೊಬ್ಬರಿ. ಬುಧವಾರ ಮುಂಜಾನೆ ಶಂಷಾಬಾದಿನಿಂದ ತಿರುಗಿ ಕಾಶಿಗೆ.

“ಸೀರಿ ಯಾವಾಗ ಕೊಂಡ್ರಿ?” ಕ್ರಾಂತಿಕುಮಾರ್ ಕೇಳಿದರು. “ಮಂಗಳವಾರ ಮುಂಜಾನಿ ಅಂಗಡಿ ತೆರದಿರಂಗಿಲ್ಲ.”

“ಸೋಮವಾರ್ರಿ. ಸಾಯೋ ಸುದ್ದಿ ಎಲ್ಲಿತ್ತು ಆಗ? ಅಕ್ಕಗ ಉಡಾಕ ಅಂತ ಕೊಂಡೆ. ಯಾತ್ರಿ ಮುಗಿಸಿ ಬಂದು ಆಕಿ ಬಾಗಿಲಿಗೆ ಹೋಗೂದಂತ ಗಂಗೀ ಮುಂದ ನಿಂತು ಅನಕೊಂಡಿದ್ದೆ.”

ಶಿವಶಂಕರಪ್ಪ ತಮ್ಮ ಕೈಯ ಗುಳ್ಳೆಗಳನ್ನು ನೋಡಿಕೊಂಡರು.

“ಎಲ್ಲಾರೂ ಕಾಶಿಯಿಂದ ಎರಡು ತಾಸು, ಎರಡು ತಾಸು ಅಂತಾರ. ಕಾಶಿ ಮಾತು ಬಿಡ್ರಿ ಸಾಹೇಬ್ರ. ತಾಂಡೂರಿಂದ ಜಹೀರಾಬಾದಿಗೆ ಮುಂಜಾನಿ ಬಸ್ಸಿಗೆ ಕುಂತ್ರ ಮಧ್ಯಾಹ್ನದ ಊಟಕ್ಕ ಅಕ್ಕನ ಮನಿ. ಆ ಬಸ್ಸು ದಿನಾ ನಮ್ಮ ಅಂಗಡಿ ಮುಂದೇ ಹೋಗ್ತಿತ್ತು. ಮೂರು ವರ್ಷ ನಾ ಹತ್ತಲಿಲ್ಲ.”

ಕಿಷ್ಟಪ್ಪ ಪೆನ್ನು ನಿಲ್ಲಿಸಿದ. “ಇದನ್ನೂ ಬರೀಬೇಕೇನ್ರಿ ಸಾಬ್? ಕೇಸಿಗೆ ಬರಂಗಿಲ್ಲ.”

“ಬರಿ,” ಎಂದರು ಕ್ರಾಂತಿಕುಮಾರ್.